ಒರೆಗಲ್ಲಿಗೆ ಕೂಲಿ ಕೊಡುವವರು ಯಾರು?

ವಸ್ತುವನ್ನು ಪರೀಕ್ಷಿಸದೆ ಕೊಳ್ಳಬಾರದು, ಪರೀಕ್ಷಕನನ್ನೂ ಪರೀಕ್ಷಿಸದೆ ನಂಬಬಾರದು ಎಂಬುದು ಜೈನ ಚಿಂತನೆಯ ಪ್ರಾಚೀನ ನಿಲುವು. ಸಮಂತಭದ್ರಾಚಾರ್ಯರು 'ಆಪ್ತಮೀಮಾಂಸೆ'ಯಲ್ಲಿ ಆಪ್ತನೆನಿಸಿಕೊಂಡವನನ್ನೇ ವಿಚಾರಣೆಗೆ ನಿಲ್ಲಿಸಿದರು. ಬಾಹ್ಯ ವೈಭವವು ನಂಬಿಕೆಗೆ ಆಧಾರವಾಗದೆಂದು ಸಾರಿದರು. 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅವರೇ ಆಪ್ತನಿಗೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ: ಆತನು ವೀತರಾಗನಾಗಿರಬೇಕು, ಸರ್ವಜ್ಞನಾಗಿರಬೇಕು, ಹಿತೋಪದೇಶಿಯಾಗಿರಬೇಕು. ಲೌಕಿಕ ವ್ಯವಹಾರದಲ್ಲಿ ಸರ್ವಜ್ಞತ್ವವನ್ನು ಯಾರಿಂದಲೂ ಅಪೇಕ್ಷಿಸಲಾಗದು. ಆದರೆ ತಾನು ತೂಗುವ ವಸ್ತುವಿನಲ್ಲಿ ತನಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ ಎಂದು ತೋರಿಸಿಕೊಡುವ ಹೊಣೆ, ತಕ್ಕಡಿ ಹಿಡಿದ ಪ್ರತಿಯೊಬ್ಬನ ಮೇಲೂ ಇದೆ.

ಈ ಹಳೆಯ ಪ್ರಶ್ನೆಯನ್ನು ಇಂದು ಹೊಸದಾಗಿ, ಗಟ್ಟಿ ದನಿಯಲ್ಲಿ ಕೇಳುತ್ತಿರುವವರು ಯಾರು? ಪಂಡಿತರಲ್ಲ, ವರ್ತಕರಲ್ಲ; ವಿಡಿಯೋ ಗೇಮ್ ಆಡುವ ಹುಡುಗರು. "ಈ ಆಟ ಚೆನ್ನಾಗಿದೆಯೆಂದು ಬರೆದವನಿಗೆ ಹಣ ಕೊಟ್ಟವರಾರು?" ಎಂಬುದು ಅವರ ಪ್ರಶ್ನೆ. ಆಟದ ಪತ್ರಿಕೋದ್ಯಮದ ಮೇಲೆ, ವಿಮರ್ಶಕರ ಅಂಕಗಳ ಮೇಲೆ ಅವರಿಗೆ ವಿಶ್ವಾಸ ಉಳಿದಿಲ್ಲ. ಹಿರಿಯರು ಇದನ್ನು ಕೇಳಿ ನಗುತ್ತಾರೆ. ಆಟವೇ ವ್ಯರ್ಥವಾದ ಮೇಲೆ ಅದರ ವಿಮರ್ಶೆ ಸತ್ಯವಾದರೇನು, ಸುಳ್ಳಾದರೇನು ಎಂದು ಕೈ ಕೊಡವುತ್ತಾರೆ. ಈ ನಗೆ ವಿವೇಕದ್ದಲ್ಲ, ಔದಾಸೀನ್ಯದ್ದು.

ಕೊಳ್ಳೇಗಾಲ, ಹನೂರು, ಯಳಂದೂರುಗಳಂತಹ ಊರುಗಳಲ್ಲಿಯೂ ಮೊಬೈಲ್ ಇಲ್ಲದ ಮನೆ ಇಂದು ವಿರಳ. ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದಾಗ ಅದು ದೂರದ ದೆಹಲಿಯ ಸುದ್ದಿಯಾಗಿ ಉಳಿಯಲಿಲ್ಲ. ಹಳ್ಳಿಯ ಜಗಲಿಯಲ್ಲಿ ಕುಳಿತ ಹುಡುಗರಿಗೂ ಅದು ಮನೆಯ ಸುದ್ದಿಯೇ ಆಗಿತ್ತು. 2021ರಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಬಂದಿತು, 2022ರಲ್ಲಿ ತಡೆಗೊಳಗಾಯಿತು, 2023ರಲ್ಲಿ ಮರಳಿತು. ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸಂಸ್ಥೆ ಸ್ಥಾಪನೆಯಾಯಿತು. ಈ ಉದ್ಯಮಕ್ಕಾಗಿಯೇ ಕರ್ನಾಟಕ ಸರ್ಕಾರವು 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಮಕ್ಕಳ ಸಮಯ, ತಂದೆತಾಯಿಯರ ಹಣ, ಸರ್ಕಾರದ ಪ್ರೋತ್ಸಾಹ ಇಷ್ಟೂ ಹರಿಯುವ ವ್ಯಾಪಾರವನ್ನು 'ಹುಡುಗಾಟ'ವೆಂದು ಕರೆದು ಬದಿಗೆ ಸರಿಸುವವರು, ಆ ವ್ಯಾಪಾರದಲ್ಲಿ ನಡೆಯುವ ಮೋಸಕ್ಕೂ ಅರಿಯದೆಯೇ ಬಾಗಿಲು ತೆರೆದಿಡುತ್ತಾರೆ.

ಹುಡುಗರ ಸಂಶಯ ಆಧಾರವಿಲ್ಲದ್ದೇ? ಇಲ್ಲ. ಸಾಕ್ಷ್ಯಗಳು ಹೇರಳವಾಗಿವೆ.

ಅಮೆರಿಕದ 'ಗೇಮ್‌ಸ್ಪಾಟ್' ಎಂಬ ಪ್ರಸಿದ್ಧ ವಿಮರ್ಶಾ ಸಂಸ್ಥೆಯಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ಹಿರಿಯ ವಿಮರ್ಶಕರಿದ್ದರು. 2007ರ ನವೆಂಬರ್‌ನಲ್ಲಿ ಅವರು 'ಕೇನ್ ಅಂಡ್ ಲಿಂಚ್' ಎಂಬ ಆಟಕ್ಕೆ ಹತ್ತರಲ್ಲಿ ಆರು ಅಂಕ ಕೊಟ್ಟರು. ಅದೇ ವೇಳೆಯಲ್ಲಿ ಆ ಆಟದ ಪ್ರಕಾಶಕರಾದ ಐಡಾಸ್ ಸಂಸ್ಥೆಯ ಜಾಹೀರಾತು ಅದೇ ತಾಣದ ತುಂಬ ಹರಡಿತ್ತು. ಕೆಲವೇ ದಿನಗಳಲ್ಲಿ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ವಿಮರ್ಶೆಗೂ ವಜಾಕ್ಕೂ ಸಂಬಂಧವಿಲ್ಲವೆಂದು ಆಡಳಿತವು ಹೇಳಿತು. ಬಾಯಿಗೆ ಬಿದ್ದಿದ್ದ ಬೀಗ 2012ರಲ್ಲಿ ತೆರೆದಾಗ, ಕಡಿಮೆ ಅಂಕಗಳ ವಿಚಾರದಲ್ಲಿ ಜಾಹೀರಾತುದಾರರ ಒತ್ತಡವಿತ್ತೆಂಬುದನ್ನು ಅವರೇ ಹೇಳಿದರು. ಆರು ಅಂಕವೆಂದರೆ ನಿಂದೆಯೂ ಅಲ್ಲ. 'ಸಾಧಾರಣ' ಎಂಬ ಮಾತು ಅಷ್ಟೆ. ಅಷ್ಟನ್ನು ಹೇಳುವ ಸ್ವಾತಂತ್ರ್ಯವೂ ಇಲ್ಲದ ಕಡೆ ಒಂಬತ್ತು ಅಂಕದ ಬೆಲೆಯೇನು?

ಅಂಕದ ಮಹಿಮೆ ಇಷ್ಟಕ್ಕೇ ನಿಲ್ಲಲಿಲ್ಲ. 'ಮೆಟಾಕ್ರಿಟಿಕ್' ಎಂಬ ತಾಣವು 2001ರಿಂದ ಅನೇಕ ವಿಮರ್ಶಕರ ಅಂಕಗಳನ್ನು ಕೂಡಿಸಿ ನೂರಕ್ಕೆ ಇಷ್ಟೆಂದು ಸರಾಸರಿ ಕಟ್ಟುತ್ತಾ ಬಂದಿದೆ. 2010ರಲ್ಲಿ ಹೊರಬಂದ 'ಫಾಲೌಟ್: ನ್ಯೂ ವೇಗಾಸ್' ಎಂಬ ಆಟವನ್ನು ಸಿದ್ಧಪಡಿಸಿದ ಆಬ್ಸಿಡಿಯನ್ ಸಂಸ್ಥೆಗೆ, ಸರಾಸರಿಯು 85 ಮುಟ್ಟಿದರೆ ಮಾತ್ರ ಹೆಚ್ಚಿನ ಹಣವೆಂಬ ಕರಾರಿತ್ತು. ಬಂದದ್ದು 84. ಒಂದು ಅಂಕದಿಂದ ಹಣ ತಪ್ಪಿದ ಸಂಗತಿಯನ್ನು ಆ ಸಂಸ್ಥೆಯ ಕ್ರಿಸ್ ಅವೆಲೋನ್ 2012ರಲ್ಲಿ ಹೊರಗೆಡಹಿದರು. ಓದುಗನಿಗೆ ಸಲಹೆಯಾಗಬೇಕಿದ್ದ ಅಂಕವು ಕಾರ್ಮಿಕನ ಕೂಲಿಯನ್ನು ನಿರ್ಧರಿಸುವ ಅಳತೆಗೋಲಾಯಿತು. ಅಂತಹ ಅಳತೆಗೋಲಿನ ಮೇಲೆ ಎಲ್ಲ ಕಡೆಯಿಂದಲೂ ಕೈಗಳು ಚಾಚುವುದು ಸಹಜವೇ ಅಲ್ಲವೇ?

ಪತ್ರಿಕೆಯನ್ನು ಬಿಟ್ಟು ಯೂಟ್ಯೂಬ್‌ಗೆ ಹೋದವರಿಗೆ ಅಲ್ಲಾದರೂ ಸತ್ಯ ದೊರೆಯಿತೇ? 'ಶಾಡೋ ಆಫ್ ಮೊರ್ಡಾರ್' ಎಂಬ 2014ರ ಆಟದ ವಿಷಯದಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯು ಜನಪ್ರಿಯ ಯೂಟ್ಯೂಬ್ ನಿರೂಪಕರಿಗೆ ನೂರಾರು ಡಾಲರುಗಳಿಂದ ಹತ್ತಾರು ಸಾವಿರ ಡಾಲರುಗಳವರೆಗೆ ಕೊಟ್ಟು ಹೊಗಳಿಸಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2016ರಲ್ಲಿ ಆ ಸಂಸ್ಥೆಯನ್ನು ಒಪ್ಪಂದಕ್ಕೆ ಒಳಪಡಿಸಿತು. ಆಟದ ದೋಷಗಳನ್ನು ತೋರಿಸಬಾರದೆಂಬ ಷರತ್ತೂ ಇತ್ತು. ಹಣ ಪಡೆದ ವಿಷಯವನ್ನು ಹೇಳಬೇಕಾದ ಸಾಲು, ಒತ್ತಿ ತೆರೆದರೆ ಮಾತ್ರ ಕಾಣುವ ಮಡಿಕೆಯೊಳಗೆ ಅಡಗಿತ್ತು. ಆ ಪ್ರಚಾರದ ವಿಡಿಯೋಗಳನ್ನು ಜನರು 55 ಲಕ್ಷಕ್ಕೂ ಹೆಚ್ಚು ಬಾರಿ ನೋಡಿದ್ದರು. ಜನರಿಗೆ ಅದು ಗೆಳೆಯನೊಬ್ಬನ ಮಾತಿನಂತೆ ಕೇಳಿಸಿತು. ವಾಸ್ತವದಲ್ಲಿ ಅದು ಮಾರಾಟಗಾರನ ದನಿಯೇ ಆಗಿತ್ತು.

ಇವೆಲ್ಲಕ್ಕಿಂತ ಬೋಧಪ್ರದವಾದದ್ದು 2020ರ ಡಿಸೆಂಬರ್ ಪ್ರಸಂಗ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ 'ಸೈಬರ್‌ಪಂಕ್ 2077' ಆ ತಿಂಗಳ 10ರಂದು ಬಿಡುಗಡೆಯಾಯಿತು. ಮುಂಚಿತವಾಗಿ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ತೋರಿಸಲು ಅವರಿಗೆ ಅನುಮತಿಯಿರಲಿಲ್ಲ. ಅವರು ಧಾರಾಳವಾಗಿ ಹೊಗಳಿದರು. ಬಿಡುಗಡೆಯ ದಿನ, ಹಳೆಯ ಪ್ಲೇಸ್ಟೇಷನ್ ಯಂತ್ರವಿದ್ದ ಜನ ಹಣ ಕೊಟ್ಟು ಕೊಂಡಾಗ ಆಟ ಮುಗ್ಗರಿಸಿತು, ನಿಂತಿತು, ಕುಸಿಯಿತು. ಸೋನಿ ಸಂಸ್ಥೆಯು ವಾರ ಕಳೆಯುವಷ್ಟರಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ವಾಪಸು ಮಾಡುವುದಾಗಿ ಹೇಳಬೇಕಾಯಿತು. ವಿಮರ್ಶಕರಲ್ಲಿ ಹೆಚ್ಚಿನವರು ಸುಳ್ಳು ಬರೆದಿರಲಿಲ್ಲ, ತಾವು ಕಂಡದ್ದನ್ನೇ ಬರೆದಿದ್ದರು. ಆದರೆ ಏನನ್ನು ಕಾಣಬೇಕೆಂಬುದನ್ನು ಮಾರುವವನೇ ನಿರ್ಧರಿಸಿದ್ದನು.

ಕೊಳ್ಳೇಗಾಲದ ರೇಷ್ಮೆ ವ್ಯಾಪಾರವನ್ನು ಬಲ್ಲವರಿಗೆ ಇದರ ಅನರ್ಥವನ್ನು ವಿವರಿಸಬೇಕಾಗಿಲ್ಲ. ರೇಷ್ಮೆಗೂಡು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿನಲ್ಲಿಯೇ ಮಾರಾಟವಾಗಬೇಕೆಂದು ಕಾಯಿದೆಯಿರುವುದು ಏಕೆ? ಕೊಳ್ಳುವವನು ಮೇಲಿನ ಪದರವನ್ನು ಮಾತ್ರ ನೋಡಿ ಬೆಲೆ ಕಟ್ಟುವುದಿಲ್ಲ, ರಾಶಿಯ ಒಳಗೆ ಕೈಯಿಕ್ಕಿ ನೋಡುತ್ತಾನೆ. ಸೀರೆಯ ಎಳೆಯನ್ನು ಸುಟ್ಟು ಕೂದಲು ಸುಟ್ಟ ವಾಸನೆ ಬರುವುದೇ ಎಂದು ನೋಡುವವರಿದ್ದಾರೆ, ಜರಿಯನ್ನು ಒರೆಗಲ್ಲಿಗೆ ಹಚ್ಚುವವರಿದ್ದಾರೆ. ಶುದ್ಧ ರೇಷ್ಮೆಯೆಂದು ಕೃತಕ ನೂಲನ್ನು ಮಾರುವುದನ್ನು ತಡೆಯಲು 2004ರಲ್ಲಿ ಸಿಲ್ಕ್ ಮಾರ್ಕ್ ಚೀಟಿ ಬಂದಿತು. ಒಂದಕ್ಕೆ ಇನ್ನೊಂದನ್ನು ತೋರಿಸಿ ಮಾರುವುದನ್ನು 'ಪ್ರತಿರೂಪಕ ವ್ಯವಹಾರ'ವೆಂದೂ, ಹೆಚ್ಚುಕಡಿಮೆ ತೂಗುವುದನ್ನು 'ಹೀನಾಧಿಕಮಾನೋನ್ಮಾನ'ವೆಂದೂ ಕರೆದು, ತತ್ತ್ವಾರ್ಥಸೂತ್ರವು ಇವೆರಡನ್ನೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಜಾಹೀರಾತನ್ನು ವಿಮರ್ಶೆಯ ರೂಪದಲ್ಲಿ ಮಾರುವುದು ಪ್ರತಿರೂಪಕ ವ್ಯವಹಾರವಲ್ಲದೆ ಬೇರೇನು? ಜಾಹೀರಾತುದಾರನ ಮುಖ ನೋಡಿ ಆರನ್ನು ಎಂಟು ಮಾಡುವುದು ಹೀನಾಧಿಕಮಾನವಲ್ಲವೇ?

ವಿಮರ್ಶಕರು ಕೊಡುವ ಸಮಾಧಾನವೊಂದಿದೆ: "ಜಾಹೀರಾತಿನ ವಿಭಾಗ ಬೇರೆ, ಬರವಣಿಗೆಯ ವಿಭಾಗ ಬೇರೆ; ನಡುವೆ ಗೋಡೆಯಿದೆ." ಪ್ರಾಮಾಣಿಕರಾದ ಅನೇಕ ವಿಮರ್ಶಕರು ಆ ಗೋಡೆಯನ್ನು ಕಾಯ್ದಿದ್ದಾರೆ ಎಂಬುದನ್ನು ಅಲ್ಲಗಳೆಯಲಾಗದು. ಗರ್ಸ್ಟ್‌ಮನ್ ಅವರ ವಜಾ ಆದ ಬಳಿಕ ಅವರ ಸಹೋದ್ಯೋಗಿಗಳಲ್ಲಿ ಕೆಲವರು ತಾವೂ ಕೆಲಸ ಬಿಟ್ಟು ಹೊರಬಂದರು. ಬಹಿರಂಗವಾಗದ ಆಟಗಳ ಸುದ್ದಿಯನ್ನು ಪ್ರಕಟಿಸಿದ್ದಕ್ಕಾಗಿ ಬೆಥೆಸ್ಡಾ, ಯೂಬಿಸಾಫ್ಟ್ ಎಂಬ ಎರಡು ದೊಡ್ಡ ಪ್ರಕಾಶನಗಳು ತಮ್ಮೊಡನೆ ವ್ಯವಹಾರವನ್ನೇ ನಿಲ್ಲಿಸಿವೆಯೆಂದು 'ಕೊಟಾಕು' ಎಂಬ ತಾಣವು 2015ರ ನವೆಂಬರ್‌ನಲ್ಲಿ ಬಹಿರಂಗವಾಗಿ ಬರೆಯಿತು. ನಿಷ್ಠೆಯುಳ್ಳವರು ಇದ್ದರೆಂಬುದಕ್ಕೆ ಇವು ಸಾಕ್ಷಿ. ಆದರೆ ಇವೇ ಪ್ರಸಂಗಗಳು ಇನ್ನೊಂದನ್ನೂ ಹೇಳುತ್ತವೆ: ನಿಷ್ಠೆಗೆ ದಂಡ ತೆರಬೇಕಾದ ವ್ಯವಸ್ಥೆಯಲ್ಲಿ ಮೌನವೇ ಲಾಭದಾಯಕ. ಮುಂಚಿತವಾಗಿ ಪ್ರತಿ ಸಿಗದವನ ವಿಮರ್ಶೆ ತಡವಾಗುತ್ತದೆ. ತಡವಾದುದನ್ನು ಓದುವವರು ಕಡಿಮೆ. ಓದುವವರು ಕಡಿಮೆಯಾದರೆ ಜಾಹೀರಾತೂ ಕಡಿಮೆ. ಲಂಚವಿಲ್ಲದೆಯೇ ಲೇಖನಿ ಬಾಗುವ ದಾರಿ ಇದು. ಆದಕಾರಣ ದೋಷವು ವ್ಯಕ್ತಿಯ ಶೀಲಕ್ಕಿಂತ ಹೆಚ್ಚಾಗಿ ಕೂಲಿ ಬರುವ ಮೂಲದಲ್ಲಿದೆ. ಓದುಗನು ಹಣ ಕೊಡುವುದಿಲ್ಲ, ಮಾರುವವನು ಕೊಡುತ್ತಾನೆ. ಒರೆಗಲ್ಲಿಗೆ ಕೂಲಿ ಕೊಡುವವನು ಜರಿ ಮಾರುವವನೇ ಆದರೆ ಎಲ್ಲ ಜರಿಯೂ ಅಪ್ಪಟವಾಗಿಯೇ ಕಾಣುತ್ತದೆ.

ಇಷ್ಟರ ಮಟ್ಟಿಗೆ ಹುಡುಗರ ಪಕ್ಷ ನ್ಯಾಯದ ಪಕ್ಷ. ಆದರೆ ಅಲ್ಲಿಂದ ಮುಂದೆ ಅವರು ಹಿಡಿದ ದಾರಿಯನ್ನು ಒಪ್ಪಲಾಗದು. ರಾಗವು ತಕ್ಕಡಿಯನ್ನು ಒಂದು ಕಡೆಗೆ ಎಳೆದರೆ ದ್ವೇಷವು ಇನ್ನೊಂದು ಕಡೆಗೆ ಎಳೆಯುತ್ತದೆ. ಮುಳ್ಳು ಎರಡೂ ಸಲ ನಡುವೆ ನಿಲ್ಲುವುದಿಲ್ಲ.

2014ರ ಆಗಸ್ಟ್‌ನಲ್ಲಿ 'ಗೇಮರ್‌ಗೇಟ್' ಎಂಬ ಹೆಸರಿನ ಗದ್ದಲ ಆರಂಭವಾಯಿತು. ಸ್ವತಂತ್ರವಾಗಿ ಆಟ ನಿರ್ಮಿಸುವವರೊಬ್ಬರು ಪತ್ರಕರ್ತನೊಬ್ಬನ ಸ್ನೇಹದಿಂದ ಒಳ್ಳೆಯ ವಿಮರ್ಶೆ ಬರೆಸಿಕೊಂಡರೆಂಬುದು ಅದರ ಮೂಲ ಆರೋಪ. ಅಂತಹ ವಿಮರ್ಶೆಯನ್ನು ಆ ಪತ್ರಕರ್ತನು ಬರೆದೇ ಇರಲಿಲ್ಲ! ಇಲ್ಲದ ವಿಮರ್ಶೆಯ ಹೆಸರಿನಲ್ಲಿ 'ಪತ್ರಿಕಾಧರ್ಮ'ದ ಧ್ವಜ ಹಿಡಿದವರು ಮನೆಯ ವಿಳಾಸಗಳನ್ನು ಬಯಲಿಗೆಳೆದರು, ಕೊಲೆಯ ಬೆದರಿಕೆಗಳನ್ನು ಕಳುಹಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅನಿತಾ ಸರ್ಕೀಸಿಯನ್ ಎಂಬ ವಿಮರ್ಶಕಿ ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾನಿಲಯವೊಂದರಲ್ಲಿ ಮಾಡಬೇಕಿದ್ದ ಉಪನ್ಯಾಸ, ಸಾಮೂಹಿಕ ಹತ್ಯೆಯ ಬೆದರಿಕೆಯಿಂದಾಗಿ ರದ್ದಾಯಿತು. ಜಾಹೀರಾತು ಕೊಟ್ಟು ಅಂಕ ಕೊಳ್ಳುತ್ತಿದ್ದ ಕೋಟ್ಯಧಿಪತಿ ಸಂಸ್ಥೆಗಳ ಕೂದಲೂ ಕೊಂಕಲಿಲ್ಲ. ಒಂಟಿಯಾಗಿ ದುಡಿಯುತ್ತಿದ್ದವರು ಊರು ಬಿಡಬೇಕಾಯಿತು. ಸತ್ಯದ ಹೆಸರಿನಲ್ಲಿ ನಡೆದ ಈ ವಾಚಿಕ ಹಿಂಸೆಗೆ ಯಾವ ಧರ್ಮದಲ್ಲಿ ಸಮರ್ಥನೆಯಿದೆ?

ಇನ್ನೊಂದು ಪ್ರಸಂಗ 2020ರ ಜೂನ್ 19ರದು. 'ದಿ ಲಾಸ್ಟ್ ಆಫ್ ಅಸ್' ಎಂಬ ಆಟದ ಎರಡನೆಯ ಭಾಗ ಅಂದು ಹೊರಬಂದಿತು. ಅದನ್ನು ಪೂರ್ಣವಾಗಿ ಆಡಲು ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟು ಗಂಟೆ ಕಳೆಯುವ ಮೊದಲೇ ಸಾವಿರಾರು ಮಂದಿ ಸೊನ್ನೆ ಅಂಕ ಕೊಟ್ಟು, ಬಳಕೆದಾರರ ಸರಾಸರಿಯನ್ನು ಹತ್ತರಲ್ಲಿ ನಾಲ್ಕಕ್ಕಿಂತ ಕೆಳಗಿಳಿಸಿದರು. ಇದನ್ನು ಕಂಡು ಮೆಟಾಕ್ರಿಟಿಕ್ ತಾಣವು, ಆಟ ಬಿಡುಗಡೆಯಾದ 36 ಗಂಟೆಗಳ ಬಳಿಕವೇ ಬಳಕೆದಾರರು ವಿಮರ್ಶೆ ಬರೆಯಬಹುದೆಂಬ ನಿಯಮ ತಂದಿತು. ಹಣ ಪಡೆದು ಹೊಗಳಿದವನು ಕೂಟಸಾಕ್ಷಿಯಾದರೆ, ಆಡದೆಯೇ ಬೈದವನು ಯಾರು? ಒಬ್ಬನಿಗೆ ಡಾಲರು ಸಿಕ್ಕಿತು, ಮತ್ತೊಬ್ಬನಿಗೆ ಗುಂಪಿನ ಚಪ್ಪಾಳೆ ಸಿಕ್ಕಿತು. ಕೂಲಿ ಬೇರೆ, ಕೆಲಸ ಒಂದೇ. ಸಮಂತಭದ್ರರು ಎಣಿಸಿದ ಮೂಢತೆಗಳಲ್ಲಿ ಲೋಕಮೂಢತೆಯೂ ಒಂದು. ನಾಲ್ಕು ಜನ ಹಾರಿದರೆಂದು ಹಾರುವುದು ನದಿಯ ತೀರದಲ್ಲಿ ಮಾತ್ರ ನಡೆಯುವುದಿಲ್ಲ.

ಜನರ ದನಿ ಯಾವಾಗಲೂ ಕುರುಡೆಂದು ಹೇಳುವುದೂ ತಪ್ಪು. 2024ರ ಮೇ ತಿಂಗಳಲ್ಲಿ 'ಹೆಲ್‌ಡೈವರ್ಸ್ 2' ಆಟವನ್ನು ಕೊಂಡಿದ್ದವರೆಲ್ಲರೂ ಪ್ರತ್ಯೇಕ ಖಾತೆ ತೆರೆಯಲೇಬೇಕೆಂದು ಸೋನಿ ಸಂಸ್ಥೆ ವಿಧಿಸಿತು. ಆ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳು ನೂರಕ್ಕೂ ಹೆಚ್ಚಿದ್ದವು. ಆಟಗಾರರು ಲಕ್ಷಗಟ್ಟಲೆ ಪ್ರತಿಕೂಲ ಅಭಿಪ್ರಾಯ ಬರೆದರು. ಕೆಲವೇ ದಿನಗಳಲ್ಲಿ ಸಂಸ್ಥೆ ಹಿಂದೆ ಸರಿಯಿತು. ಇಲ್ಲಿ ದೂರಿದವರು ಹಣ ಕೊಟ್ಟು ಕೊಂಡವರು, ಆಡಿದವರು, ನಷ್ಟ ಏನೆಂದು ಸ್ಪಷ್ಟವಾಗಿ ಹೇಳಿದವರು. ವ್ಯಕ್ತಿಯನ್ನು ಬಿಟ್ಟು ಕೃತ್ಯವನ್ನು ಹಿಡಿದರೆ ಸಂಶಯವೂ ಸದ್ಗುಣವಾಗುತ್ತದೆ.

ಈ ಅವಿಶ್ವಾಸ ಕನ್ನಡನಾಡಿಗೂ ಹೊಸದಲ್ಲ. ಹಣ ಪಡೆದು ಸುದ್ದಿ ಪ್ರಕಟಿಸುವ ಚಾಳಿಯನ್ನು ಕುರಿತು ಭಾರತೀಯ ಪತ್ರಿಕಾ ಮಂಡಳಿಯು 2010ರಷ್ಟು ಹಿಂದೆಯೇ ವಿಚಾರಣೆ ನಡೆಸಿತ್ತು. ಚಲನಚಿತ್ರಗಳ ವಿಷಯದಲ್ಲಂತೂ ನಿರ್ಮಾಪಕರು, ವಿಮರ್ಶಕರು, ಅಭಿಮಾನಿಗಳು ಪರಸ್ಪರರನ್ನು 'ಹಣ ಪಡೆದವರು' ಎನ್ನುತ್ತಾರೆ. 2025ರ ಡಿಸೆಂಬರ್‌ನಲ್ಲಿ 'ದಿ ಡೆವಿಲ್' ಎಂಬ ಕನ್ನಡ ಚಿತ್ರ ತೆರೆಕಂಡಾಗ, ನ್ಯಾಯಾಲಯದ ಆದೇಶದಂತೆ, ಟಿಕೆಟ್ ಮಾರುವ ಬುಕ್‌ಮೈಶೋ ತಾಣದಲ್ಲಿ ಆ ಚಿತ್ರದ ಅಂಕಗಳನ್ನೂ ಅಭಿಪ್ರಾಯಗಳನ್ನೂ ಮುಚ್ಚಲಾಯಿತು. ದುರುದ್ದೇಶದಿಂದ ಬರೆಯುವವರಿಂದ ನಿರ್ಮಾಪಕರಿಗೆ ನಷ್ಟವಾಗುವುದು ನಿಜ. ಅವರ ಅಳಲನ್ನು ತಳ್ಳಿಹಾಕಲಾಗದು. ಆದರೆ ಕಳ್ಳತೂಕದವನೊಬ್ಬನಿದ್ದಾನೆಂದು ಸಂತೆಯ ತಕ್ಕಡಿಗಳನ್ನೆಲ್ಲ ಕಟ್ಟಿಡುವುದು ಪರಿಹಾರವೇ? ತಕ್ಕಡಿಯಿಲ್ಲದ ಸಂತೆಯಲ್ಲಿ ಲಾಭ ಯಾರಿಗೆಂದು ವರ್ತಕರಿಗೆ ಹೇಳಬೇಕಾಗಿಲ್ಲ.

ಇಲ್ಲಿಯೇ ಗೃಹಸ್ಥರು ಕೇಳಬೇಕಾದ ಕಟುವಾದ ಪ್ರಶ್ನೆಯೊಂದಿದೆ. ಆಟ ಆಡುವವರೂ ವಿಮರ್ಶಕರೂ ಇಷ್ಟೆಲ್ಲ ಜಗಳವಾಡಿದರಲ್ಲ, ಮನೆಯ ಪರವಾಗಿ ಮಾತನಾಡಿದವರು ಎಷ್ಟು ಮಂದಿ? ಚಿತ್ರ ಎಷ್ಟು ಸುಂದರ, ಬಂದೂಕಿನ ಸದ್ದು ಎಷ್ಟು ನೈಜ ಎಂದು ಪುಟಗಟ್ಟಲೆ ಬರೆಯುವವರು, ಉಚಿತವೆಂದು ಕೈಗಿತ್ತ ಆಟ ಮುಂದೆ ಎಲ್ಲೆಲ್ಲಿ ಹಣ ಕೇಳುತ್ತದೆ, ಹನ್ನೆರಡರ ಮಗುವನ್ನು ಎದ್ದು ಹೋಗದಂತೆ ಹೇಗೆ ಹಿಡಿದಿಡುತ್ತದೆ, ಹಿಂಸೆಯನ್ನು ಹೇಗೆ ವಿನೋದವಾಗಿಸುತ್ತದೆ ಎಂಬುದಕ್ಕೆ ಎಷ್ಟು ಸಾಲು ಮೀಸಲಿಡುತ್ತಾರೆ? ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಚಿತ್ರನಟರೂ ಕ್ರಿಕೆಟಿಗರೂ ವರ್ಷಗಟ್ಟಲೆ ಹೊಗಳಿದರು. ಕರ್ನಾಟಕ ಸರ್ಕಾರವು 2021ರಲ್ಲಿ ತಂದ ನಿಷೇಧವನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಅಸಿಂಧುಗೊಳಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಅಂತಹ ಆಟಗಳನ್ನಷ್ಟೇ ಅಲ್ಲ, ಅವುಗಳ ಜಾಹೀರಾತನ್ನೂ ಅಪರಾಧವೆಂದು ಸಾರಿ, ಜಾಹೀರಾತಿಗೆ ಎರಡು ವರ್ಷಗಳವರೆಗೆ ಸೆರೆ, 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಿತು. ಹೊಗಳಿಕೆಗೂ ಹೊಣೆಯುಂಟೆಂದು ಕಾನೂನು ಒಪ್ಪಲು ಇಷ್ಟು ಕಾಲ ಹಿಡಿಯಿತು. ಅಹಿತವನ್ನು ಹಿತವೆಂದು ಬೋಧಿಸುವ ಮಿಥ್ಯೋಪದೇಶವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿದವರಿಗೆ ಈ ಮಾತು ಎಂದೋ ತಿಳಿದಿತ್ತು.

ಹಾಗಾದರೆ ಮಾಡಬೇಕಾದುದೇನು? ಪರಿಹಾರ ಅನೇಕಾಂತದಲ್ಲಿಯೇ ಇದೆ. 'ಹತ್ತಕ್ಕೆ ಒಂಬತ್ತು' ಎಂಬುದು ಏಕಾಂತದ ಮಾತು; ಯಾರ ದೃಷ್ಟಿಯಿಂದ, ಯಾವ ಸ್ಥಿತಿಯಲ್ಲಿ ಎಂಬುದನ್ನು ಅದು ನುಂಗಿಬಿಡುತ್ತದೆ. ಸೈಬರ್‌ಪಂಕ್ ಒಂದು ಯಂತ್ರದ ಅಪೇಕ್ಷೆಯಿಂದ ಉತ್ತಮವಾಗಿತ್ತು, ಇನ್ನೊಂದರ ಅಪೇಕ್ಷೆಯಿಂದ ಅಲ್ಲ. 'ಸ್ಯಾತ್' ಎಂಬ ಒಂದು ಪದ ಅಲ್ಲಿದ್ದಿದ್ದರೆ ಎಷ್ಟೋ ಮನೆಗಳ ಹಣ ಉಳಿಯುತ್ತಿತ್ತು. ವಿಮರ್ಶಕನು ತನ್ನ ಬರಹದ ತಲೆಯಲ್ಲಿಯೇ ನಾಲ್ಕು ವಿಷಯಗಳನ್ನು ಹೇಳಲಿ: ಪ್ರತಿಯನ್ನು ಕೊಂಡನೇ, ಉಡುಗೊರೆಯಾಗಿ ಪಡೆದನೇ, ಯಾವ ಯಂತ್ರದಲ್ಲಿ ಆಡಿದನು, ಎಷ್ಟು ಗಂಟೆ ಆಡಿದನು, ಆ ಸಂಸ್ಥೆಯ ಜಾಹೀರಾತು ಅದೇ ಪುಟದಲ್ಲಿ ಇದೆಯೇ. ಹಣ, ಉಡುಗೊರೆ ಅಥವಾ ಬೇರಾವುದೇ ಸಂಬಂಧವಿದ್ದರೆ ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಆನ್‌ಲೈನ್ ಅಭಿಪ್ರಾಯಗಳಿಗೆಂದು ಭಾರತೀಯ ಮಾನಕ ಬ್ಯೂರೋ ಅದೇ ವರ್ಷ ಮಾನದಂಡವನ್ನೂ ಪ್ರಕಟಿಸಿದೆ. ಕಾಯಿದೆ ಇದೆ, ಕೇಳುವವರು ಬೇಕು.

ಕೇಳುವ ಅಭ್ಯಾಸ ಮನೆಯಿಂದ ಮೊದಲಾಗಬೇಕು. ಮಗನು ಆಟವೊಂದನ್ನು ಕೊಡಿಸೆಂದಾಗ 'ಬೇಡ' ಎಂದು ಗದರುವುದು ಸುಲಭ. ತಾನೇ ಹಣ ಕೊಟ್ಟು ಆಡಿದವನೊಬ್ಬನ ಮಾತು, ಹೊಗಳಿದವನೊಬ್ಬನ ಮಾತು, ತೆಗಳಿದವನೊಬ್ಬನ ಮಾತು ಮೂರನ್ನೂ ಓದಿಕೊಂಡು ಬಾ ಎನ್ನುವುದು ಸ್ವಲ್ಪ ಕಷ್ಟ. ಆದರೆ ನಯವಾದದ ಪಾಠ ಅಲ್ಲಿಯೇ ಆಗುತ್ತದೆ. ಒಳ್ಳೆಯ ವಿಮರ್ಶೆಯನ್ನು ಓದಲು ಚಂದಾ ಕೊಡುವುದನ್ನೂ ಕಲಿಯಬೇಕು. ಓದುಗನು ಕೂಲಿ ಕೊಡದಿದ್ದರೆ ಮಾರುವವನು ಕೊಡುತ್ತಾನೆ. ಆಮೇಲೆ ದೂರುವ ಹಕ್ಕು ಅರ್ಧ ಕಳೆದುಹೋಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಪಾಠವಿದೆ. ಪಂಚಕಲ್ಯಾಣಗಳ ಸ್ಮರಣ ಸಂಚಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟವರ ಗುಣಗಾನ ಮುಂದಿನ ಪುಟದಲ್ಲಿ ಲೇಖನದ ವೇಷದಲ್ಲಿ ಬರುವುದು ಅಪರೂಪವೇ? ದಾನಿಯನ್ನು ಸ್ಮರಿಸುವುದು ಕೃತಜ್ಞತೆ. ದಾನದ ಮೊತ್ತಕ್ಕೆ ತಕ್ಕಂತೆ ಸದ್ಗುಣಗಳನ್ನು ಎಣಿಸುವುದು ಅಂಕ ಮಾರಾಟ. ಜಾಹೀರಾತನ್ನು ಜಾಹೀರಾತೆಂದೇ ಅಚ್ಚುಮಾಡುವ ಧೈರ್ಯ ಧರ್ಮಸಂಸ್ಥೆಗಳಿಗೆ ಇಲ್ಲದಿದ್ದರೆ, ಆಟದ ಕಂಪನಿಗಳಿಂದ ಅದನ್ನು ನಿರೀಕ್ಷಿಸುವುದು ಯಾವ ನ್ಯಾಯ?

ಮೊಬೈಲ್ ಹಿಡಿದ ಹುಡುಗನು ಕೇಳಿದ ಪ್ರಶ್ನೆ ಸಣ್ಣದಲ್ಲ. ಅವನ ಸಿಟ್ಟನ್ನು ತಿದ್ದಬೇಕು, ಪ್ರಶ್ನೆಯನ್ನು ಉಳಿಸಿಕೊಳ್ಳಬೇಕು. ವಿಮರ್ಶಕನು ರಾಗವನ್ನು ಬಿಡಲಿ, ಆಡುವವನು ದ್ವೇಷವನ್ನು ಬಿಡಲಿ, ಕೊಡಿಸುವವನು ಔದಾಸೀನ್ಯವನ್ನು ಬಿಡಲಿ. ಈ ಮೂವರಲ್ಲಿ ಒಬ್ಬನು ತಪ್ಪಿದರೂ ತಕ್ಕಡಿಯ ಮುಳ್ಳು ವಾಲಿಯೇ ನಿಲ್ಲುತ್ತದೆ. ವಾಲಿದ ತೂಕದ ನಷ್ಟವನ್ನು ತುಂಬಿಕೊಡುವವರು ಕೊನೆಗೆ ಮನೆಯವರೇ.